ಯಂತ್ರದೊಳಗಿನ ಮನುಷ್ಯನೆಲ್ಲಿ?

ಅಚ್ಚಾದ ಆಟದ ಪುಸ್ತಕವೊಂದನ್ನು ಕೊಂಡು, ಅದರಲ್ಲಿ ತಮಗೆ ಒಪ್ಪದ ಕಟ್ಟಳೆಗಳನ್ನು ಬಿಟ್ಟು, ಬೇಕೆನಿಸಿದ ಹೊಸ ಕಟ್ಟಳೆಗಳನ್ನು ಮನೆಯಲ್ಲೇ ಬರೆದುಕೊಂಡು ಆಡುವ ಅಭ್ಯಾಸ ಮೇಜಿನಾಟದ ಗೆಳೆಯರಲ್ಲಿ ಬಹುಕಾಲದಿಂದ ಇದೆ. ಇಂಗ್ಲಿಷಿನವರು ಇದನ್ನು ‘ಹೋಂಬ್ರೂ’ ಎನ್ನುತ್ತಾರೆ. ಮನೆಯಲ್ಲೇ ಹುದುಗಿಸಿದ ಪಾನೀಯವೆಂದು ಅದರ ಮೂಲಾರ್ಥ. ನಾನು ‘ಮನೆಕಟ್ಟಳೆ’ ಎನ್ನುತ್ತೇನೆ. ಈ ಅಭ್ಯಾಸವನ್ನು ಮನಸಾರೆ ಮೆಚ್ಚುವವರಲ್ಲಿ ನಾನೂ ಒಬ್ಬ. ಆದರೆ ಈಚೆಗೆ ನನ್ನ ಕೈಗೆ ಬರುತ್ತಿರುವ ಮನೆಕಟ್ಟಳೆಗಳನ್ನು, ಅದರಲ್ಲೂ ‘ಮೆಕಾ’ ಆಟಗಳಿಗಾಗಿ ಬರೆದವನ್ನು ಓದಿದಾಗ ಒಂದು ತಕರಾರು ಎತ್ತದೆ ಇರಲಾಗದು. ನಲವತ್ತು ಪುಟಗಳ ಹಸ್ತಪ್ರತಿಯಲ್ಲಿ ಮೂವತ್ತೆಂಟು ಪುಟ ಫಿರಂಗಿ, ಕವಚ, ಇಂಧನ, ತೂಕಗಳ ಕೋಷ್ಟಕ. ಉಳಿದೆರಡು ಪುಟಗಳಲ್ಲಿ ಚಾಲಕನ ಹೆಸರು, ವಯಸ್ಸು, ಗುರಿ ಹಿಡಿಯುವ ಶಕ್ತಿ. ಯಂತ್ರ ಮುಗಿಲೆತ್ತರ ಬೆಳೆದು ನಿಂತಿದೆ. ಅದರೊಳಗಿನ ಮನುಷ್ಯನೆಲ್ಲಿ? ಇದು ನನ್ನ ಪ್ರಶ್ನೆ.

ಈ ಆಟಗಳ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬ ಸೂತ್ರಧಾರ, ಅವನು ಸನ್ನಿವೇಶವನ್ನು ಹೇಳುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ನಿರ್ಧಾರ ಮಾಡುತ್ತಾರೆ. ಆಗುವುದೋ ಆಗದೋ ಎಂಬ ಸಂದೇಹ ಬಂದಲ್ಲಿ ದಾಳ ಉರುಳಿಸುತ್ತಾರೆ. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಈ ಬಗೆಯ ಆಟ ಜನಜನಿತವಾಯಿತು. ಮೆಕಾ ಎಂದರೆ ಮನುಷ್ಯನು ಒಳಗೆ ಕುಳಿತು ನಡೆಸುವ ಮನುಷ್ಯಾಕಾರದ ದೈತ್ಯ ಯಂತ್ರ. ಇದು ಜಪಾನಿನ ಚಿತ್ರಕಥೆಗಳ ಕೂಸು. ೧೯೫೬ರಲ್ಲಿ ಆರಂಭವಾದ ಯೊಕೊಯಾಮ ಮಿತ್ಸುತೆರು ಅವರ ‘ತೆತ್ಸುಜಿನ್ ೨೮’ರಲ್ಲಿ ಹುಡುಗನೊಬ್ಬ ಹೊರಗೆ ನಿಂತು, ಕೈಯಲ್ಲಿನ ಪೆಟ್ಟಿಗೆಯಿಂದ ಯಂತ್ರವನ್ನು ಆಡಿಸುತ್ತಿದ್ದ. ೧೯೭೨ರ ‘ಮಜಿಂಗರ್ ಜೆಡ್’ನಲ್ಲಿ ನಾಗಾಯ್ ಗೋ ಆ ಹುಡುಗನನ್ನು ಯಂತ್ರದ ತಲೆಯೊಳಗೇ ಕೂರಿಸಿದರು. ೧೯೭೯ರ ‘ಗಂಡಮ್’ನಲ್ಲಿ ತೊಮಿನೊ ಯೊಶಿಯುಕಿ ಅವನನ್ನು ಯುದ್ಧಕ್ಕೆ ಕಳಿಸಿದರು. ಹೊರಗಿದ್ದವನು ಒಳಗೆ ಹೋದ. ಆ ಒಂದು ಹೆಜ್ಜೆಯಿಂದಲೇ ಮೆಕಾ ಕಥೆ ಮೆಕಾ ಕಥೆಯಾದದ್ದು. ಯಂತ್ರಕ್ಕೆ ಬಿದ್ದ ಏಟು ಮನುಷ್ಯನಿಗೂ ಬೀಳುವುದು ಆಮೇಲಿಂದ.

ಮೇಜಿನಾಟಕ್ಕೆ ಈ ಯಂತ್ರಗಳು ಬಂದದ್ದು ೧೯೮೦ರ ದಶಕದಲ್ಲಿ. ೧೯೮೪ರಲ್ಲಿ ‘ಬ್ಯಾಟಲ್‌ಡ್ರಾಯ್ಡ್ಸ್’ ಎಂಬ ಹೆಸರಿನಲ್ಲಿ ಹೊರಟು ಮರುವರ್ಷ ‘ಬ್ಯಾಟಲ್‌ಟೆಕ್’ ಎಂದು ಹೆಸರು ಬದಲಿಸಿಕೊಂಡ ಆಟ, ಅದೇ ಕಾಲದ ಆಸುಪಾಸಿನಲ್ಲಿ ಮೈಕ್ ಪಾಂಡ್‌ಸ್ಮಿತ್ ಬರೆದ ‘ಮೆಕ್ಟನ್’, ಈಚಿನದರಲ್ಲಿ ೨೦೧೯ರ ‘ಲ್ಯಾನ್ಸರ್’, ಇವು ಮುಖ್ಯವಾದವು. ನಮ್ಮವರು ಮನೆಕಟ್ಟಳೆ ಹೊಸೆಯುವುದು ಹೆಚ್ಚಾಗಿ ಇವುಗಳ ಮೇಲೆಯೇ.

ಈಗ ವಾದಕ್ಕೆ ಬರೋಣ. ಎದುರಿಗೆ ಎರಡು ಪಕ್ಷಗಳಿವೆ. ಮೊದಲನೆಯದು ಪುಸ್ತಕನಿಷ್ಠರ ಪಕ್ಷ. “ತಿಳಿದವರು ವರ್ಷಗಟ್ಟಲೆ ಆಡಿ ನೋಡಿ ತೂಗಿ ಬರೆದ ಕಟ್ಟಳೆಯನ್ನು ಮುಟ್ಟಲು ನೀನು ಯಾರು?” ಎಂದು ಇವರು ಕೇಳುತ್ತಾರೆ. ಇವರಿಗೆ ಉತ್ತರ ಸುಲಭ. ಗೈಗ್ಯಾಕ್ಸ್, ಆರ್ನೆಸನ್ನರ ಆಟ ಅಚ್ಚಾಗುವ ಮೊದಲು ಆರ್ನೆಸನ್ನರ ಮನೆಮೇಜಿನ ‘ಬ್ಲ್ಯಾಕ್‌ಮೂರ್’ ಆಟವಾಗಿತ್ತು. ಅಚ್ಚಾದ ಮೇಲೂ ಆ ಪುಸ್ತಿಕೆಗಳು ಎಷ್ಟೋ ಕಡೆ ಮೌನವಾಗಿದ್ದವು, ಆಡುವವರೇ ತುಂಬಿಕೊಳ್ಳಬೇಕಾಗಿತ್ತು. ಅಂದರೆ ಇವರು ಪೂಜಿಸುವ ಪುಸ್ತಕವೂ ಒಂದು ಕಾಲದ ಮನೆಕಟ್ಟಳೆಯೇ.

ಇಷ್ಟು ದೂರ ಹೋಗುವುದೇಕೆ? ನಮ್ಮ ಚೌಕಾಬಾರವನ್ನು ನೋಡಿ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿನ ಮನೆಗಳಿಗೆ ಕಾಲಿಡಕೂಡದೆಂಬ ಕಟ್ಟಳೆ ಕೆಲವು ಮನೆಗಳಲ್ಲಿ ಉಂಟು, ಕೆಲವು ಮನೆಗಳಲ್ಲಿ ಇಲ್ಲ. ಇಲ್ಲದ ಮನೆಯಲ್ಲಿ ಅದು ಓಟದ ಆಟ; ಮೆತ್ತಗೆ ಜಾರಿಕೊಂಡು ಹಣ್ಣಾಗುವವನೇ ಜಾಣ. ಇರುವ ಮನೆಯಲ್ಲಿ ಅದೇ ಕವಡೆ, ಅದೇ ಇಪ್ಪತ್ತೈದು ಮನೆ, ಆದರೆ ಅದು ಕಾಳಗ. ಎಂಥ ಸಾಧುವೂ ಯಾರ ಮೇಲಾದರೂ ಬೀಳಲೇಬೇಕು. ಒಂದೇ ಒಂದು ವಾಕ್ಯದ ಮನೆಕಟ್ಟಳೆ ಆಟದ ಸ್ವಭಾವವನ್ನೇ ತಿರುಗಿಸಿತು. ಅದನ್ನು ಬರೆದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅಪ್ಪಣೆಯನ್ನೂ ಅವರು ಯಾರಿಂದಲೂ ಪಡೆದಿರಲಾರರು.

ಎರಡನೆಯ ಪಕ್ಷದವರೊಡನೆಯೇ ನನ್ನ ನಿಜವಾದ ಜಗಳ. ಇವರು ಲೆಕ್ಕಿಗರು. ಮನೆಕಟ್ಟಳೆ ಎಂದರೆ ಇವರಿಗೆ ಕೂಡಿಸುವುದು, ಇನ್ನಷ್ಟು ಕೂಡಿಸುವುದು. ಪುಸ್ತಕದಲ್ಲಿ ಹತ್ತು ಬಗೆಯ ಫಿರಂಗಿ ಇದ್ದರೆ ಇವರದು ಮೂವತ್ತು. ಕವಚಕ್ಕೆ ಒಂದು ಅಂಕೆ ಇದ್ದಲ್ಲಿ ಇವರು ಎದೆಗೊಂದು, ಬೆನ್ನಿಗೊಂದು, ಮೊಣಕಾಲಿಗೊಂದು ಅಂಕೆ ಬರೆಯುತ್ತಾರೆ. ಏಕೆಂದು ಕೇಳಿದರೆ ಒಂದೇ ಉತ್ತರ: “ನಿಜಕ್ಕೆ ಹತ್ತಿರವಾಗಲಿ ಎಂದು.”

ನಿಜ! ಗಂಡಮ್ ಯಂತ್ರದ ಎತ್ತರ ಹದಿನೆಂಟು ಮೀಟರು. ೧.೭ ಮೀಟರಿನ ಮನುಷ್ಯನನ್ನು ಅಷ್ಟೆತ್ತರಕ್ಕೆ ಹಿಗ್ಗಿಸಿದರೆ ಎತ್ತರ ಹತ್ತೂವರೆ ಪಟ್ಟಾಗುತ್ತದೆ. ಕಾಲಿನ ಅಡ್ಡಕೊಯ್ತ ಸುಮಾರು ನೂರಹತ್ತು ಪಟ್ಟು ಬೆಳೆಯುತ್ತದೆ. ತೂಕ ಮಾತ್ರ ಸಾವಿರದ ನೂರು ಪಟ್ಟನ್ನೂ ಮೀರುತ್ತದೆ. ಅಂದರೆ ಮೂಳೆಯ ಪ್ರತಿ ಅಂಗುಲವೂ ಹತ್ತು ಪಟ್ಟಿಗಿಂತ ಹೆಚ್ಚು ಭಾರ ಹೊರಬೇಕು. ಎಪ್ಪತ್ತು ಕಿಲೋ ತೂಗುವವನು ಎಂಬತ್ತು ಟನ್ನಿಗಿಂತ ಹೆಚ್ಚು ತೂಗುತ್ತಾನೆ. ಕಥೆಯಲ್ಲಿ ಹೇಳಿರುವ ಪ್ರಕಾರ ಆ ಉಕ್ಕಿನ ದೈತ್ಯನ ಬರಿ ಮೈತೂಕವಾದರೋ ೪೩.೪ ಟನ್ನು! ಯೊಕೊಹಾಮದಲ್ಲಿ ೨೦೨೦ರ ಡಿಸೆಂಬರಿನಿಂದ ೨೦೨೪ರ ಮಾರ್ಚಿನವರೆಗೆ ಕೈಕಾಲು ಆಡಿಸುವ ಹದಿನೆಂಟು ಮೀಟರಿನ ಗಂಡಮ್ ಒಂದನ್ನು ಪ್ರದರ್ಶಿಸಿದ್ದರು. ಅದನ್ನೂ ಬೆನ್ನ ಹಿಂದೆ ಆಧಾರಕ್ಕೆ ಸೇರಿಸಿಯೇ ನಿಲ್ಲಿಸಿದ್ದರಲ್ಲದೆ ಅದು ಸ್ವಂತ ಕಾಲಮೇಲೆ ನಡೆದಾಡಲಿಲ್ಲ. ಮೊದಲ ಹೆಜ್ಜೆಯಲ್ಲೇ ನಿಜವನ್ನು ಬಿಟ್ಟು ಹೊರಟ ಆಟದಲ್ಲಿ ಮೊಣಕಾಲಿನ ಕವಚದ ದಪ್ಪಕ್ಕಾಗಿ ನಿಜದ ಸಾಕ್ಷಿ ಕರೆಯುವುದು ಹಾಸ್ಯಾಸ್ಪದ.

ಲೆಕ್ಕಿಗರಿಗೆ ತಮ್ಮ ಲೆಕ್ಕವಾದರೂ ಸರಿಯಾಗಿ ಬರುತ್ತದೆಯೇ ಎಂದರೆ ಅದೂ ಇಲ್ಲ. “ಈ ಆಯುಧ ಸ್ವಲ್ಪ ಚೆನ್ನಾಗಿದೆ, ಒಂದು ಕೂಡಿಸಿಕೊಳ್ಳಿ” ಎಂದು ಸಲೀಸಾಗಿ ಬರೆದುಬಿಡುತ್ತಾರೆ. ಬ್ಯಾಟಲ್‌ಟೆಕ್‌ನಲ್ಲಿ ಎರಡು ದಾಳಗಳ ಮೊತ್ತ ನೋಡುವುದು. ಎಂಟು ಅಥವಾ ಮೇಲೆ ಬೀಳುವುದು ಮೂವತ್ತಾರರಲ್ಲಿ ಹದಿನೈದು ಸಲ. ಒಂದು ಕೂಡಿಸಿದರೆ ಏಳು ಬಿದ್ದರೂ ಸಾಕು, ಅದು ಮೂವತ್ತಾರರಲ್ಲಿ ಇಪ್ಪತ್ತೊಂದು ಸಲ. ನೂರಕ್ಕೆ ನಲವತ್ತೆರಡಿದ್ದದ್ದು ಐವತ್ತೆಂಟಾಯಿತು. ಸೋಲುವ ಕಡೆಯಿದ್ದವನು ಗೆಲ್ಲುವ ಕಡೆಗೆ ಬಂದ. ಅದೇ ಒಂದನ್ನು ಹನ್ನೆರಡೇ ಬೀಳಬೇಕಾದಲ್ಲಿ ಕೂಡಿಸಿದರೆ ಮೂವತ್ತಾರರಲ್ಲಿ ಒಂದು ಇದ್ದದ್ದು ಮೂರಾಗುತ್ತದೆ, ಅಷ್ಟೆ. ಲ್ಯಾನ್ಸರ್‌ನ ಇಪ್ಪತ್ತು ಮುಖದ ದಾಳದಲ್ಲಾದರೆ ಅದರ ಬೆಲೆ ನೂರಕ್ಕೆ ಐದು. ಹೆಸರಿಗೆ ಒಂದೇ ‘ಒಂದು’, ಬೆಲೆ ಮೂರು ಬಗೆ. ಇದನ್ನು ತೂಗಿ ನೋಡದೆ ಮೂವತ್ತು ಆಯುಧಗಳಿಗೆ ಒಂದು, ಎರಡು, ಮೂರು ಎಂದು ಹಂಚಿದವರು ಆಟವನ್ನು ನಿಜಕ್ಕೆ ಹತ್ತಿರ ತಂದಿಲ್ಲ. ಕುರುಡು ತಕ್ಕಡಿಯೊಂದನ್ನು ಮೇಜಿನ ಮೇಲಿಟ್ಟಿದ್ದಾರೆ.

ಹೊತ್ತಿನ ಮಾತು ಇನ್ನೂ ಬಿಗಿಯಾದದ್ದು. ಐವರು ಆಟಗಾರರು, ತಲೆಗೆ ಎರಡು ಆಯುಧ. ಪ್ರತಿ ಹೊಡೆತಕ್ಕೂ ತಗುಲಿತೆ, ಎಲ್ಲಿ ತಗುಲಿತು, ಕವಚ ಸೀಳಿತೆ, ಒಳಗೇನು ಮುರಿಯಿತು ಎಂದು ನಾಲ್ಕು ಸಲ ದಾಳ. ಒಂದು ಸುತ್ತಿಗೆ ನಲವತ್ತು ಸಲ ಉರುಳಿಸಬೇಕು. ಒಂದಕ್ಕೆ ಅರ್ಧ ನಿಮಿಷವೆಂದರೂ ಇಪ್ಪತ್ತು ನಿಮಿಷ. ವೈರಿಗಳೂ ಅಷ್ಟೇ ಇದ್ದರೆ ನಲವತ್ತು ನಿಮಿಷ. ಆರು ಸುತ್ತಿನ ಒಂದು ಕಾಳಗಕ್ಕೆ ನಾಲ್ಕು ಗಂಟೆ! ಒಂದು ಸಂಜೆ ಮುಗಿಯಿತು, ಒಬ್ಬರೂ ಒಂದು ಮಾತಾಡಲಿಲ್ಲ.

ಇದು ಊಹೆಯ ಲೆಕ್ಕವಲ್ಲ. ಬೆಂಗಳೂರಿನಲ್ಲಿ ನಾನು ಬಲ್ಲ ಒಂದು ಮೇಜಿಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸ್ ಆಗಿದ್ದ ಹೆಣ್ಣುಮಗಳೊಬ್ಬಳು ಬಂದಿದ್ದಳು. ವಾರಕ್ಕೊಂದು ಸಂಜೆ ಆಕೆಗೆ ಬಿಡುವು. ಆಕೆ ಕಲ್ಪಿಸಿ ತಂದಿದ್ದ ಪಾತ್ರ ಇದು: ತಂದೆಯನ್ನು ಕೊಂದ ಯಂತ್ರವನ್ನೇ ರಿಪೇರಿ ಮಾಡಿ ಹತ್ತಿ ಕುಳಿತ ಮೆಕ್ಯಾನಿಕನ ಮಗಳು. ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಆ ಸಂಜೆ ಆಕೆಯ ಸರದಿ ಆರು ಬಾರಿ ಬಂತು. ಆರು ಬಾರಿಯೂ ಆಕೆಯನ್ನು ಕೇಳಿದ್ದು ಒಂದೇ ಮಾತು: “ಎಷ್ಟು ಬಿತ್ತು?” ಆ ಯಂತ್ರದೊಳಗೆ ಕೂತರೆ ಹೇಗನಿಸುತ್ತದೆ ಎಂದು ಯಾರೂ ಕೇಳಲಿಲ್ಲ, ಕೇಳಲು ಕಟ್ಟಳೆಯಲ್ಲಿ ಜಾಗವಿರಲಿಲ್ಲ. ಮುಂದಿನ ವಾರ ಆಕೆ ಬರಲಿಲ್ಲ. “ಪಾಪ, ಲೆಕ್ಕ ಹಿಡಿಸಲಿಲ್ಲವೆಂದು ಕಾಣುತ್ತದೆ” ಎಂದರು ಆ ಕಟ್ಟಳೆ ಬರೆದ ಮಹನೀಯರು. ರಾತ್ರಿಯಿಡೀ ರೋಗಿಗಳಿಗೆ ಔಷಧಿಯ ಪ್ರಮಾಣ ಲೆಕ್ಕ ಹಾಕುವವಳಿಗೆ ಲೆಕ್ಕ ಹಿಡಿಸದೆ ಏನು? ಲೆಕ್ಕದ ಆಚೆ ಏನೂ ಇಲ್ಲದ್ದು ಹಿಡಿಸಲಿಲ್ಲ. ನಾವು ಕಳೆದುಕೊಂಡದ್ದು ಒಬ್ಬ ಆಟಗಾರ್ತಿಯನ್ನು ಮಾತ್ರವಲ್ಲ. ಆ ಮೆಕ್ಯಾನಿಕನ ಮಗಳ ಕಥೆಯನ್ನೂ ಕೂಡ.

ಲೆಕ್ಕವೇ ಬೇಡವೆಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಬ್ಯಾಟಲ್‌ಟೆಕ್‌ನ ಶಾಖದ ಕಟ್ಟಳೆಯನ್ನೇ ನೋಡಿ. ಆಯುಧ ಹಾರಿಸಿದರೆ ಯಂತ್ರ ಕಾಯುತ್ತದೆ. ಒಳಗಿನ ಶಾಖಹಾರಿಗಳು ಒಂದೊಂದು ಅಂಶವನ್ನು ಆರಿಸುತ್ತವೆ. ಹತ್ತು ಶಾಖಹಾರಿಗಳಿರುವ ಯಂತ್ರ ಎರಡು ಕಣಫಿರಂಗಿಗಳನ್ನು ಒಟ್ಟಿಗೆ ಹಾರಿಸಿತೆನ್ನಿ. ಹುಟ್ಟಿದ್ದು ಇಪ್ಪತ್ತು, ಆರಿದ್ದು ಹತ್ತು, ಉಳಿದ ಹತ್ತು ಮೈಮೇಲೆ. ನಡಿಗೆ ನಿಧಾನವಾಗುತ್ತದೆ, ಗುರಿ ಕೆಡುತ್ತದೆ. ಇನ್ನೂ ಏರಿದರೆ ಯಂತ್ರ ತಾನಾಗಿ ನಿಲ್ಲಬಹುದು. ಮದ್ದುಗುಂಡು ಒಳಗೇ ಸಿಡಿಯಬಹುದು. ಮೂವತ್ತಕ್ಕೆ ನಿಂತೇ ಹೋಗುತ್ತದೆ. ಇದು ಲೆಕ್ಕವೇ. ಆದರೆ ಈ ಲೆಕ್ಕ ಚಾಲಕನ ಮುಂದೆ ಒಂದು ಪ್ರಶ್ನೆಯನ್ನಿಡುತ್ತದೆ: ಈಗಲೇ ಎರಡನ್ನೂ ಹಾರಿಸಿ ಗೆಳೆಯನನ್ನು ಉಳಿಸುವೆಯಾ, ನಿನ್ನ ಯಂತ್ರವನ್ನು ಉಳಿಸಿಕೊಳ್ಳುವೆಯಾ? ಲ್ಯಾನ್ಸರ್‌ನಲ್ಲೂ ಇಂಥದೊಂದು ಉಂಟು. ಯಂತ್ರವನ್ನು ಮಿತಿಮೀರಿ ದುಡಿಸಿ ಇನ್ನೊಂದು ಕೆಲಸ ಮಾಡಿಸಬಹುದು. ಪ್ರತಿಸಲವೂ ಶಾಖದ ಬೆಲೆ ಏರುತ್ತದೆ. ಒಳ್ಳೆಯ ಕಟ್ಟಳೆಯ ಗುರುತು ಇದೇ. ಅದು ಆಡುವವನನ್ನು ಇಕ್ಕಟ್ಟಿಗೆ ಸಿಕ್ಕಿಸಿ ನಿರ್ಧಾರ ಕೇಳುತ್ತದೆ. ಕೆಟ್ಟ ಕಟ್ಟಳೆ ಬರಿಯ ಅಂಕೆಯನ್ನು ಕೇಳುತ್ತದೆ.

ಮೆಕಾ ಕಥೆಗಳ ನೆನಪುಳಿಯುವ ಗಳಿಗೆಗಳೆಲ್ಲ ಇಂಥ ಇಕ್ಕಟ್ಟಿನವು. ಗಂಡಮ್‌ನ ಹುಡುಗ ಅಮುರೊ ರೇ, ತನ್ನನ್ನು ಆ ಯಂತ್ರದಿಂದ ಇಳಿಸುವ ಮಾತು ನಡೆದಿದೆಯೆಂದು ಕೇಳಿ, ರೋಷದಿಂದ ಯಂತ್ರವನ್ನೇ ಹೊಡೆದುಕೊಂಡು ಹಡಗು ಬಿಟ್ಟು ಹೋಗುತ್ತಾನೆ. ೧೯೯೫ರ ‘ಇವಾಂಗೆಲಿಯನ್’ನ ಶಿಂಜಿ ಮೊದಲ ದಿನವೇ ಏರಲಾರೆನೆನ್ನುತ್ತಾನೆ, ಗಾಯಗೊಂಡ ಹುಡುಗಿಯನ್ನು ಅವನ ಬದಲಿಗೆಂದು ಮಂಚದ ಮೇಲೆ ತಂದಾಗ ತಾನೇ ಏರುತ್ತಾನೆ. ಆ ಯಂತ್ರಕ್ಕೋ, ವಿದ್ಯುತ್ತಿನ ಹುರಿ ಕಿತ್ತರೆ ಐದು ನಿಮಿಷದ ಜೀವ. ನಲವತ್ತು ಪುಟದ ಮನೆಕಟ್ಟಳೆ ಬರೆದವರನ್ನು ನಾನು ಕೇಳುತ್ತೇನೆ: ನಿಮ್ಮ ಚಾಲಕ ‘ಏರಲಾರೆ’ ಎಂದರೆ ನಿಮ್ಮ ಪುಸ್ತಕ ಏನು ಹೇಳುತ್ತದೆ? ಏನೂ ಹೇಳುವುದಿಲ್ಲವಾದರೆ ನೀವು ಬರೆದದ್ದು ಕಾಲಿರುವ ಟ್ಯಾಂಕಿನ ಆಟ.

ಇಲ್ಲಿಯೇ ಗಂಭೀರವಾದ ವಿಷಯವೊಂದಿದೆ. ಲ್ಯಾನ್ಸರ್‌ನಲ್ಲಿ ನಾಶವಾದ ಯಂತ್ರವನ್ನು ವಿಶ್ರಾಂತಿಯ ಬಳಿಕ ಮತ್ತೆ ಪಡೆಯಬಹುದು. ಸತ್ತ ಚಾಲಕನನ್ನೂ ತದ್ರೂಪವಾಗಿ ಮರಳಿ ತರಬಹುದು. ಆದರೆ ಬಂದವನು ಪೂರ್ತಿ ಅವನೇ ಆಗಿರುವುದಿಲ್ಲ, ಏನೋ ಒಂದು ವಿಕಾರ ಅಂಟಿಕೊಂಡೇ ಬರುತ್ತದೆ. ಅದನ್ನು ಬರೆದವರಿಗೆ ಸಾವಿನ ಬೆಲೆ ಗೊತ್ತಿತ್ತು. ನನ್ನ ಕೈಗೆ ಬಂದ ಒಂದು ಮನೆಕಟ್ಟಳೆಯಲ್ಲಿ ಆ ವಿಕಾರವನ್ನು ‘ಆಟಕ್ಕೆ ಅಡ್ಡಿ’ ಎಂದು ತೆಗೆದುಹಾಕಿದ್ದರು. ಅದರ ಜಾಗದಲ್ಲಿ ಹನ್ನೊಂದು ಬಗೆಯ ಕ್ಷಿಪಣಿಗಳಿದ್ದವು. ಸತ್ತವನು ಬೆಳಗಾಗುವುದರೊಳಗೆ ಏನೂ ಆಗದವನಂತೆ ಎದ್ದು ಬರುವ ಯುದ್ಧವನ್ನು ವಾರವಾರವೂ ಹುಡುಗರಿಗೆ ಆಡಿಸುತ್ತಿದ್ದೇವೆ. ಯುದ್ಧವೆಂದರೆ ಬಿಡಿಭಾಗಗಳ ವ್ಯವಹಾರವೆಂದು ಅವರು ತಿಳಿದರೆ ತಪ್ಪು ಯಾರದು?

ಬರಿದೆ ಖಂಡಿಸಿ ಕುಳಿತರೆ ಸಾಲದು. ನಮ್ಮ ಮೇಜಿನಲ್ಲಿ ನಾವು ಆಡುತ್ತಿರುವ ಮನೆಕಟ್ಟಳೆ ಮೂರೇ ಇವೆ. ಮೂರೂ ಒಂದು ಅಂಚೆಕಾರ್ಡಿನ ಮೇಲೆ ಹಿಡಿಯುತ್ತವೆ. ಮೊದಲನೆಯದು ಕಾವು. ಯಂತ್ರದ ಶಕ್ತಿ ಮೀರಿದ್ದೇನಾದರೂ ಮಾಡಬೇಕಾದಾಗ ಚಾಲಕ ಒಂದು ಕಾವನ್ನು ಏರಿಸಿಕೊಳ್ಳಬಹುದು. ಕೆಲಸ ಆಗಿಯೇ ಆಗುತ್ತದೆ. ಆಮೇಲೆ ಒಂದು ದಾಳ. ಗರ ಕಾವಿಗೆ ಸಮನಾಗಿಯೋ ಕಡಿಮೆಯೋ ಬಿದ್ದರೆ ಯಂತ್ರ ಅಲ್ಲೇ ನಿಲ್ಲುತ್ತದೆ. ಮೊದಲ ಸಲ ಆರರಲ್ಲೊಂದು ಅಪಾಯ, ಮೂರನೆಯ ಸಲ ಅರ್ಧಕ್ಕರ್ಧ, ಆರನೆಯ ಸಲ ಖಂಡಿತ. ಕೋಷ್ಟಕ ಬೇಕಿಲ್ಲ, ಎಣಿಸಲು ಬೆರಳು ಸಾಕು. ಎರಡನೆಯದು ಏಟು. ಏಟು ಬಿದ್ದಾಗ ಯಂತ್ರ ತಾಳಿಕೊಳ್ಳಬೇಕೋ ಮನುಷ್ಯ ತಾಳಿಕೊಳ್ಳಬೇಕೋ ಎಂದು ಆಟಗಾರನೇ ಹೇಳಬೇಕು. ಯಂತ್ರವಾದರೆ ಕೈ, ಕಾಲು, ಕಣ್ಣುಗಳಲ್ಲಿ ಒಂದಕ್ಕೆ ಗೀಟು. ಮನುಷ್ಯನಾದರೆ ಅವನು ಏನನ್ನು ಕಳೆದುಕೊಂಡನೆಂದು ಒಂದು ಸಾಲು ಬರೆಯಬೇಕು. ಮೂರನೆಯದು ವಾಸಿ. ಯಂತ್ರದ ಗೀಟುಗಳು ರಾತ್ರಿ ಬೆಳಗಾಗುವುದರೊಳಗೆ ಕಾರ್ಖಾನೆಯಲ್ಲಿ ಅಳಿಯುತ್ತವೆ. ಮನುಷ್ಯನ ಸಾಲು ಅಳಿಯುವುದು ಮತ್ತೊಬ್ಬ ಚಾಲಕನೊಡನೆ ಕುಳಿತು ಅದನ್ನು ಆಡಿದಾಗ ಮಾತ್ರ. ಮೂರು ಸಾಲು ಉಳಿದಿದ್ದರೆ ಅವನು ‘ಏರಲಾರೆ’ ಎನ್ನಬಹುದು. ಮೇಜು ಅದನ್ನು ಒಪ್ಪಿಕೊಳ್ಳಬೇಕು.

ಈ ಕಟ್ಟಳೆಯಿಂದ ಆದದ್ದೇನೆಂದು ಒಂದೇ ಉದಾಹರಣೆ ಕೊಡುತ್ತೇನೆ. ಸೇತುವೆಯೊಂದನ್ನು ದಾಟುವ ಹೊತ್ತಿನಲ್ಲಿ, ಲೆಕ್ಕದಲ್ಲಿ ಪಳಗಿದ ಆಟಗಾರರೊಬ್ಬರು ಯಂತ್ರದ ಎಡಗಾಲನ್ನು ಉಳಿಸಿಕೊಳ್ಳಲು ಏಟನ್ನು ತಮ್ಮ ಪಾತ್ರಕ್ಕೆ ತೆಗೆದುಕೊಂಡರು. ಕಾರ್ಡಿನ ಮೇಲೆ ಬರೆದರು: ‘ತಮ್ಮನ ಮುಖ ನೆನಪಾಗುತ್ತಿಲ್ಲ.’ ಮೇಜು ಒಂದು ಗಳಿಗೆ ಸುಮ್ಮನಾಯಿತು. ಮರುವಾರ ಆ ಒಂದು ಸಾಲನ್ನು ಅಳಿಸಲು ಇಬ್ಬರು ಚಾಲಕರು ಒಲೆಯ ಮುಂದೆ ಕುಳಿತು ಆಡಿದ ಮಾತು ಅರ್ಧ ಗಂಟೆ ನಡೆಯಿತು. ಯಾರೂ ಗಡಿಯಾರ ನೋಡಲಿಲ್ಲ.

ಇದಕ್ಕೊಂದು ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. “ಅಳುವುದಕ್ಕೂ ನಗುವುದಕ್ಕೂ ಕಟ್ಟಳೆ ಏಕೆ? ಬೇಕಾದವರು ತಾವೇ ಆಡಿಕೊಳ್ಳುತ್ತಾರೆ. ಕಟ್ಟಳೆ ಕಾಳಗಕ್ಕಿರಲಿ” ಎನ್ನುತ್ತಾರೆ. ಕೇಳಲು ಸರಿಯೆನಿಸುತ್ತದೆ. ಆದರೆ ಆಡಿ ನೋಡಿದವರಿಗೆ ಗೊತ್ತು: ಮೇಜಿನ ಮೇಲೆ ಯಾವುದಕ್ಕೆ ದಾಳವೋ ಅದಕ್ಕೇ ಹೊತ್ತು. ಕಟ್ಟಳೆ ಎಲ್ಲಿ ಮೌನವೋ ಅಲ್ಲಿ ಮಾತೂ ನಿಲ್ಲುತ್ತದೆ. ಧೈರ್ಯವಿದ್ದವನೊಬ್ಬ ಆಡಿಯಾನು, ಹೊಸಬಳಾದ ಆ ನರ್ಸ್ ಆಡಲಾರಳು. ಇನ್ನು, ಹೇಗೆ ಅಳಬೇಕೆಂದು ನಮ್ಮ ಕಾರ್ಡು ಹೇಳುವುದಿಲ್ಲ. ತಾಳಮದ್ದಳೆಯಲ್ಲಿ ಭಾಗವತರು ಪದ ಹೇಳಿ ನಿಲ್ಲಿಸುತ್ತಾರೆ. ಪದ ನಿಶ್ಚಿತ, ಅರ್ಥ ಹೇಳುವುದು ಅರ್ಥಧಾರಿಯ ಸ್ವಾತಂತ್ರ್ಯ. ಪದವೇ ಇಲ್ಲದಿದ್ದರೆ ಅವನು ಬಾಯಿ ತೆರೆಯುವುದು ಯಾವಾಗ? ಕಟ್ಟಳೆಯ ಕೆಲಸವೂ ಪದ ಹೇಳಿ ನಿಲ್ಲಿಸುವುದೇ.

ಆದ್ದರಿಂದ ಮನೆಕಟ್ಟಳೆ ಬರೆಯುವ ಗೆಳೆಯರಲ್ಲಿ ನನ್ನ ಬೇಡಿಕೆ ಇಷ್ಟು. ಬರೆಯುವ ಮುನ್ನ, ಈ ಕಟ್ಟಳೆ ಆಡುವವರನ್ನು ಕೇಳುವ ಪ್ರಶ್ನೆ ಯಾವುದೆಂದು ಒಂದು ವಾಕ್ಯದಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ಕಟ್ಟಳೆಯನ್ನು ಬಿಡಿ. ಒಂದು ಸಲಕ್ಕೆ ಒಂದನ್ನೇ ತನ್ನಿ. ಎರಡು ತಂದರೆ ಯಾವುದು ಕೆಡಿಸಿತೆಂದು ತಿಳಿಯದು. ಮೂರು ಸಂಜೆ ಆಡಿ ನೋಡಿ. ಒಂದನ್ನು ಸೇರಿಸಿದಾಗ ಹಳೆಯದೊಂದನ್ನು ತೆಗೆಯಿರಿ. ಆಟಕ್ಕೆ ಮುಂಚೆ ಎಲ್ಲರಿಗೂ ಓದಿ ಹೇಳಿ. ಗರ ಬಿದ್ದ ಮೇಲೆ ನೆನಪಾಗುವ ಕಟ್ಟಳೆಗೆ ಚೌಕಾಬಾರದ ಜಗಲಿಯಲ್ಲಿ ಮಕ್ಕಳು ಮೋಸವೆಂದು ಹೆಸರಿಟ್ಟಿದ್ದಾರೆ, ಆ ಹೆಸರೇ ಸರಿ. ಅಂಚೆಕಾರ್ಡಿನಲ್ಲಿ ಹಿಡಿಯದಿದ್ದರೆ ಮತ್ತೆ ಬರೆಯಿರಿ.

ಫಿರಂಗಿಗಳ ಕೋಷ್ಟಕ ಬೇಕೆನ್ನುವವರು ಇಟ್ಟುಕೊಳ್ಳಲಿ; ಅದಕ್ಕೆ ನನ್ನ ಅಸೂಯೆಯಿಲ್ಲ. ಆದರೆ ಆ ಮೂವತ್ತೆಂಟು ಪುಟಗಳ ಜೊತೆಗೆ, ಏರಲಾರೆನೆನ್ನುವ ಚಾಲಕನಿಗೆ ಒಂದು ಪುಟ ಬರೆದು ತೋರಿಸಲಿ. ಬರೆದವರ ಮೇಜಿಗೆ ನಾನೇ ಹೋಗಿ ಕುಳಿತು ಆಡಲು ಸಿದ್ಧನಿದ್ದೇನೆ.